ಪೈಪಿಗೆ ಪಟ್ಟಿ ಸುತ್ತಿದರೆ ಶಾಖ ಎಲ್ಲಿಗೆ ಹೋಗುತ್ತದೆ?

ನನ್ನಲ್ಲಿ ಎಂಟನೆಯ ತರಗತಿಯ ವಿಜ್ಞಾನ ಕಲಿತವರಿಗೆ ಒಂದು ಪ್ರಶ್ನೆ ನೆನಪಿರಬಹುದು. ಬಿಸಿ ಕಾಫಿಯ ಲೋಟಕ್ಕೆ ಕಂಬಳಿ ಸುತ್ತಿಟ್ಟರೆ ಕಾಫಿ ಬೇಗ ಆರುತ್ತದೆಯೋ, ಬಿಸಿಯಾಗಿಯೇ ಉಳಿಯುತ್ತದೆಯೋ? "ಬಿಸಿಯಾಗಿಯೇ ಉಳಿಯುತ್ತದೆ ಸಾರ್" ಎಂದು ಇಡೀ ತರಗತಿ ಒಕ್ಕೊರಲಿನಿಂದ ಕೂಗುತ್ತಿತ್ತು. ಆ ಉತ್ತರವನ್ನು ಮರೆತವರು ಈಗ ಮೋಟಾರು ಬೈಕುಗಳ ಮೇಲೆ ಓಡಾಡುತ್ತಿದ್ದಾರೆ. ಮರೆತವರಲ್ಲಿ ನಾನೂ ಒಬ್ಬನೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಯೆಜ್ಡಿ ನಿಮ್ಮಲ್ಲಿ ಬಹಳ ಮಂದಿಗೆ ಪರಿಚಿತ. ಅದರ ಸದ್ದು ಶಾಲೆಯ ತಿರುವಿನಲ್ಲಿ ಕೇಳಿದೊಡನೆ ತರಗತಿ ಮೌನವಾಗುತ್ತಿತ್ತಂತೆ! ಮೂರು ವರ್ಷಗಳ ಹಿಂದೆ ಅದನ್ನು ನನ್ನ ಅಕ್ಕನ ಮೊಮ್ಮಗನಿಗೆ ಕೊಟ್ಟೆ. ಒಂದು ದಿನ ಅವನ ತಂಗಿ ಹಿಂದಿನ ಸೀಟಿನಿಂದ ಇಳಿಯುವಾಗ ಮೀನಖಂಡ ಪೈಪಿಗೆ ತಾಗಿ ಸುಟ್ಟಿತು. ಹುಡುಗ ನೊಂದುಕೊಂಡು ಪೇಟೆಯ ಅಂಗಡಿಯೊಂದಕ್ಕೆ ಹೋದ. "ಹೀಟ್ ರ‍್ಯಾಪ್ ಸುತ್ತಿಸಿ. ಕಾಲೂ ಸುಡುವುದಿಲ್ಲ, ಪಿಕಪ್ಪೂ ಹೆಚ್ಚುತ್ತದೆ, ನೋಡಲೂ ಚೆಂದ" ಎಂದರಂತೆ. "ಸುತ್ತಿಸಲೇ ಅಜ್ಜ?" ಎಂದು ಅವನು ನನ್ನನ್ನು ಕೇಳಿದ. ಪತ್ರಿಕೆಯಿಂದ ತಲೆಯೆತ್ತದೆ "ಹೂಂ" ಎಂದುಬಿಟ್ಟೆ.

ಎರಡು ಮಳೆಗಾಲ ಕಳೆಯಿತು. ಪಟ್ಟಿಯ ಸಂದಿನಿಂದ ಕಂದು ಬಣ್ಣದ ನೀರು ತೊಟ್ಟಿಕ್ಕತೊಡಗಿತು. ಇಂಜಿನ್ನಿನ ಸದ್ದೂ ಒಡೆಯಿತು. ಗ್ಯಾರೇಜು ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿ ಪಟ್ಟಿಯನ್ನು ಬಿಚ್ಚಿದಾಗ ತುಕ್ಕು ಪದರು ಪದರಾಗಿ ಕಳಚಿ ಬಿತ್ತು. ಅವನು ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲನೆ ಒತ್ತಿದ. ಅದು ಒಳಕ್ಕೇ ಹೋಯಿತು. "ಸಾರ್, ಇದು ಪೈಪಲ್ಲ, ಹಪ್ಪಳ" ಎಂದ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. ಅಲ್ಲಿಂದ ಬಂದ ಆ ಮೂಲ ಪೈಪಿಗೆ ಸಮನಾದುದನ್ನು ಇನ್ನೆಲ್ಲಿ ಹುಡುಕುವುದು?

ಇನ್ನು ವಿಷಯಕ್ಕೆ ಬರೋಣ. ಇಂಜಿನ್ನಿನಲ್ಲಿ ಉರಿಯುವ ಪೆಟ್ರೋಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಹೊಗೆಯ ಜೊತೆ ಹೊರಹೋಗುತ್ತದೆ. ಬರಿಯ ಪೈಪು ಆ ಶಾಖದ ಒಂದಂಶವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಗಾಜಿನ ನಾರಿನ ಪಟ್ಟಿಯನ್ನೋ, ಕರಿಕಲ್ಲನ್ನು ಕರಗಿಸಿ ಎಳೆದ ನಾರಿನ ಪಟ್ಟಿಯನ್ನೋ ಸುತ್ತಿದರೆ ಶಾಖ ಇಲ್ಲವಾಗುವುದಿಲ್ಲ, ಒಳಗೇ ಉಳಿಯುತ್ತದೆ. ಹೊರಮೈ ತಂಪಾದಷ್ಟೂ ಒಳಗಿನ ಲೋಹ ಹೆಚ್ಚು ಕಾಯುತ್ತದೆ. ಸಾಧಾರಣ ಉಕ್ಕು 500 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಗಾಳಿಯ ಆಮ್ಲಜನಕದೊಡನೆ ಬೇಗ ಬೇಗ ಕೂಡಿ ಪೊರೆಗಟ್ಟುತ್ತದೆ.

ಇದರ ಮೇಲೆ ನಮ್ಮ ಮಲೆನಾಡಿನ ಮಳೆ. ನೇಯ್ದ ಪಟ್ಟಿ ದೀಪದ ಬತ್ತಿಯಂತೆ ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಸಂಜೆ ಮನೆಗೆ ಬಂದು ಬೈಕು ನಿಲ್ಲಿಸಿದರೆ ಆ ಒದ್ದೆ ಬಟ್ಟೆ ರಾತ್ರಿಯಿಡೀ ಉಕ್ಕನ್ನು ತಬ್ಬಿಕೊಂಡಿರುತ್ತದೆ. ಕರಾವಳಿಯವರಿಗೆ ಉಪ್ಪಿನ ಗಾಳಿಯ ಬಾಧೆಯೂ ಉಂಟು. ಬರಿಯ ಪೈಪಿಗೆ ತುಕ್ಕು ಹಿಡಿದರೆ ಕಣ್ಣಿಗೆ ಕಾಣುತ್ತದೆ, ಒರೆಸಬಹುದು; ಸುತ್ತಿದ ಪೈಪು ಯಾರಿಗೂ ಕಾಣದೆ ಸಾಯುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುವುದು ಇದಕ್ಕೇ.

ಪಟ್ಟಿಯ ಪರವಾದ ಮಾತನ್ನೂ ಕೇಳೋಣ. ರೇಸಿನ ಕಾರುಗಳಲ್ಲಿ ಅದಕ್ಕೆ ನ್ಯಾಯವಾದ ಸ್ಥಾನವಿದೆ. ಅಲ್ಲಿ ಪೈಪುಗಳು ಮುಚ್ಚಿದ ಬಾನೆಟ್ಟಿನ ಒಳಗಿರುತ್ತವೆ; ಸುತ್ತಲಿನ ಭಾಗಗಳಿಗೆ ಶಾಖ ತಟ್ಟಬಾರದು. ಬಿಸಿ ಉಳಿಸಿಕೊಂಡ ಅನಿಲ ವೇಗವಾಗಿ ಹೊರನುಗ್ಗುವುದೂ ನಿಜ. ಆದರೆ ಅಲ್ಲಿ ಆಗಾಗ ಬಿಚ್ಚಿ ನೋಡುವವರಿದ್ದಾರೆ, ಕೆಟ್ಟ ಪೈಪನ್ನು ಬದಲಿಸುವ ಹಣವೂ ಇದೆ. ಬೈಕಿನ ಪೈಪಾದರೋ ಬಯಲು ಗಾಳಿಯಲ್ಲೇ ಇದೆ. ಹಾಲಿನ ಡೈರಿಗೆ ಹೋಗಿ ಬರುವ ಬೈಕಿಗೆ ರೇಸಿನ ಉಪಚಾರವೇಕೆ?

ಪಿಕಪ್ಪಿನ ಮಾತಂತೂ ಯೆಜ್ಡಿಯಂಥ ಟೂ ಸ್ಟ್ರೋಕ್ ಬೈಕಿಗೆ ತಿರುಗುಬಾಣವಾಗಬಹುದು. ಅದರ ಪೈಪಿನಲ್ಲಿ ಒತ್ತಡದ ಅಲೆಯೊಂದು ಹೋಗಿ ಮರಳಿ ಬರುತ್ತದೆ. ಅದು ಬರುವ ಹೊತ್ತಿಗೆ ಹೊಂದುವಂತೆ ಪೈಪಿನ ಉದ್ದವನ್ನು ನಿಗದಿ ಮಾಡಿರುತ್ತಾರೆ. ಅನಿಲದ ತಾಪ ಏರಿದರೆ ಅದರಲ್ಲಿ ಶಬ್ದದ ವೇಗವೂ ಏರುತ್ತದೆ, ಅಲೆ ಬೇಗ ಮರಳುತ್ತದೆ, ಲೆಕ್ಕ ತಪ್ಪುತ್ತದೆ. ಸಾಲದ್ದಕ್ಕೆ ಟೂ ಸ್ಟ್ರೋಕ್ ಪೈಪಿನ ಕೀಲುಗಳಲ್ಲಿ ಒಸರುವ ಎಣ್ಣೆಯನ್ನು ಪಟ್ಟಿ ಕುಡಿಯುತ್ತದೆ. ಎಣ್ಣೆ ಕುಡಿದ ಬತ್ತಿಯನ್ನು ಕಾದ ಕಬ್ಬಿಣಕ್ಕೆ ಸುತ್ತಿದರೆ ಏನಾದೀತೆಂದು ಹೇಳಬೇಕೆ?

ಹೊಸ ಬೈಕುಗಳವರೂ ನಿಶ್ಚಿಂತರಾಗಬೇಡಿ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದಿದೆ. ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರು, ಆಮ್ಲಜನಕ ಅಳೆಯುವ ಸೆನ್ಸರು ಹೊಗೆಯ ದಾರಿಯಲ್ಲೇ ಕುಳಿತಿರುತ್ತವೆ. ಅವುಗಳ ತಾಪವನ್ನು ಲೆಕ್ಕ ಹಾಕಿಟ್ಟವರು ಇಂಜಿನಿಯರುಗಳು. ನಾವು ಅದರ ಮೇಲೆ ಕಂಬಳಿ ಹೊದಿಸುವುದು ಅಧಿಕಪ್ರಸಂಗ. ಅಗ್ಗವೆಂದು ಆಸ್ಬೆಸ್ಟಾಸ್ ಹಗ್ಗವನ್ನು ಸುತ್ತುವ ಯೋಚನೆಯನ್ನಂತೂ ಕನಸಿನಲ್ಲೂ ಮಾಡಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಕ್ಯಾನ್ಸರ್ ತರುತ್ತದೆ.

ಹಾಗಾದರೆ ಕಾಲು ಸುಟ್ಟುಕೊಳ್ಳಬೇಕೆ? ಬೇಡ. ಪೈಪಿನಿಂದ ಬೆರಳಿನಷ್ಟು ಅಂತರ ಬಿಟ್ಟು ತಗಡಿನ ಕವಚ ಹಾಕಿಸಿ. ನಡುವೆ ಗಾಳಿಯಾಡುತ್ತದೆ, ಮಳೆನೀರು ಆರುತ್ತದೆ, ಕಾಲಿಗೆ ತಾಗುವುದು ತಗಡೇ ಹೊರತು ಪೈಪಲ್ಲ. ಪೈಪು ಬಲಕ್ಕಿದ್ದರೆ ಹಿಂದಿನವರನ್ನು ಎಡದಿಂದಲೇ ಹತ್ತಿಸಿ, ಇಳಿಸಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕಾದರೂ ರಕ್ಷಣೆ ಇರಲೇಬೇಕು. ಚೆಂದಕ್ಕಾಗಿ ಆ ಸೀರೆ ಗಾರ್ಡನ್ನು ಕಿತ್ತೆಸೆದು, ಪೈಪಿಗೆ ಮಾತ್ರ ಬಟ್ಟೆ ಉಡಿಸುವ ಹುಡುಗರಿಗೆ ಏನೆನ್ನೋಣ! ಹಾಗೂ ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಶಾಯಿ, ಟೂತ್‌ಪೇಸ್ಟ್ ಹಚ್ಚಬೇಡಿ. ಗುಳ್ಳೆ ದೊಡ್ಡದಾಗಿದ್ದರೆ ವೈದ್ಯರಲ್ಲಿಗೆ ಹೋಗಿ.

ನನ್ನ ವಿದ್ಯಾರ್ಥಿ ಬೇರೆ ಪೈಪನ್ನು ಹೊಂದಿಸಿ, ತಗಡು ಬಾಗಿಸಿ, ಕ್ಲಾಂಪು ಹಾಕಿ ಎರಡೂ ಬದಿಗೆ ಕವಚ ಕೂರಿಸಿಕೊಟ್ಟ. ಮಜೂರಿ ಕೊಡಹೋದರೆ "ನೀವು ಕಲಿಸಿದ್ದೇ ಸಾರ್, ಶಾಖಕ್ಕೆ ಗಾಳಿ ಬೇಕು ಅಂತ" ಎಂದು ಕೈಮುಗಿದ. ಬಲವಂತವಾಗಿ ಜೇಬಿಗೆ ತುರುಕಿ ಬಂದೆ. ಕಲಿಸಿದವನು ಮರೆತಿದ್ದ, ಕಲಿತವನು ಮರೆತಿರಲಿಲ್ಲ. ಹುಡುಗಿಯ ಮೀನಖಂಡದ ಮೇಲಿನ ಕಲೆ ಮಾತ್ರ ಹಾಗೇ ಇದೆ. ಅದನ್ನು ಕಂಡಾಗಲೆಲ್ಲ, ಅವಳ ಅಣ್ಣ ಕೇಳಿದ ದಿನ ಪತ್ರಿಕೆಯನ್ನು ಕೆಳಗಿಡಬೇಕಿತ್ತು ಎನ್ನಿಸುತ್ತದೆ.

ನಿಮ್ಮ ಬೈಕಿನ ಪೈಪಿಗೆ ಪಟ್ಟಿ ಸುತ್ತಿದ್ದರೆ, ಈ ಭಾನುವಾರ ಇಂಜಿನ್ನು ಪೂರ್ತಿ ಆರಿದ ಮೇಲೆ ಒಮ್ಮೆ ಬಿಚ್ಚಿ ನೋಡಿ. ಕೈಗವಸು ಹಾಕಿಕೊಳ್ಳಿ, ಬಾಯಿ ಮೂಗಿಗೆ ಮಾಸ್ಕ್ ಇರಲಿ. ಗಾಜಿನ ನಾರು ಚುಚ್ಚುತ್ತದೆ.

ನಿಮ್ಮ ಮೇಷ್ಟ್ರು