ಗಾಜಿಗೆ ಅಂಟಿದ ಜಿಪಿಎಸ್, ಕೈಯಲ್ಲಿರುವ ಮ್ಯಾಪ್

ಬೆಂಗಳೂರಿನ ಆರ್.ಟಿ. ನಗರದಲ್ಲಿ ಈಗ ಯಾರೂ ದಾರಿ ಹೇಳುವುದಿಲ್ಲ, ಲೊಕೇಶನ್ ಕಳಿಸುತ್ತಾರೆ. ಮೊದಲಾದರೆ ಗಂಗಾನಗರದ ಸಿಬಿಐ ಕಚೇರಿಯನ್ನೋ ತರಳಬಾಳು ಕೇಂದ್ರವನ್ನೋ ಗುರುತಾಗಿ ಹಿಡಿದು, ಅಲ್ಲಿಂದ ಎಷ್ಟನೇ ಕ್ರಾಸ್, ಎಡಕ್ಕೋ ಬಲಕ್ಕೋ ಎಂದು ಬಿಡಿಸಿ ಹೇಳಬೇಕಿತ್ತು. ಬ್ಲಾಕ್ ಬದಲಾದರೆ ಮೇನು ಕ್ರಾಸುಗಳ ಸಂಖ್ಯೆ ಮತ್ತೆ ಒಂದರಿಂದ ಶುರುವಾಗುತ್ತದೆ. ಪಕ್ಕದ ದಿಣ್ಣೂರು, ಸುಲ್ತಾನ್‌ಪಾಳ್ಯ, ಮನೋರಾಯನಪಾಳ್ಯಗಳಲ್ಲೂ ಅದೇ ಕಥೆ. ಹೊಸಬರು ಸರಿಯಾದ ಸಂಖ್ಯೆಯ ತಪ್ಪು ರಸ್ತೆಯಲ್ಲಿ ನಿಂತು ಫೋನ್ ಮಾಡುತ್ತಿದ್ದರು. ಇಂಥ ಬಡಾವಣೆಗೆ ಉಪಗ್ರಹ ನೋಡಿ ದಾರಿ ತೋರಿಸುವ ಸಾಧನ ದೊಡ್ಡ ಉಪಕಾರ ಮಾಡಿದೆ, ಅದರಲ್ಲಿ ಎರಡು ಮಾತಿಲ್ಲ. ಅದು ಕಾರಿನ ಗಾಜಿಗೆ ಅಂಟಿಸಿದ ಪ್ರತ್ಯೇಕ ಜಿಪಿಎಸ್ ಆಗಿರಬೇಕೋ, ಜೇಬಿನ ಫೋನೇ ಸಾಕೋ ಎಂಬುದು ಮಾತ್ರ ಇನ್ನೂ ಚರ್ಚೆಯ ವಿಷಯ. ಫೋನು ಗೆದ್ದಾಗಿದೆ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವವರೇ ಹೆಚ್ಚು. ನನಗೆ ಅಷ್ಟು ಸಲೀಸಾಗಿ ಹಾಗೆನ್ನಿಸುವುದಿಲ್ಲ.

ಜಿಪಿಎಸ್ ಜನರ ಕಾರಿಗೆ ನಿಜಕ್ಕೂ ಒದಗಿದ್ದು 2000ದ ಮೇ ತಿಂಗಳಿಂದ. ಅಲ್ಲಿಯವರೆಗೆ ಅಮೆರಿಕ ಸರ್ಕಾರ ಸಾರ್ವಜನಿಕರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿತ್ತು. ಜಾಗ ನೂರು ಮೀಟರ್ ಆಚೀಚೆಯಾದರೆ ನಮ್ಮಲ್ಲಿ ಒಂದೆರಡು ಕ್ರಾಸೇ ದಾಟಿಹೋಗುತ್ತದೆ. ಆ ಬೆರಕೆ ನಿಂತ ಮೇಲೆ, ಹತ್ತು ವರ್ಷದೊಳಗೆ ಗಾರ್ಮಿನ್‌ನ ನೂವಿ, ಹೈದರಾಬಾದಿನ ಸ್ಯಾಟ್‌ಗೈಡ್, 1995ರಲ್ಲಿ ಶುರುವಾದ ಮ್ಯಾಪ್‌ಮೈಇಂಡಿಯಾ ಕಂಪನಿಯ ನ್ಯಾವಿಗೇಟರ್ ನಮ್ಮ ಅಂಗಡಿಗಳಲ್ಲಿ ಕಾಣಿಸಿದವು. ಆಮೇಲೆ ಸ್ಮಾರ್ಟ್‌ಫೋನ್ ಬಂತು, ದುಡ್ಡು ಕೊಡದೆ ಮ್ಯಾಪ್ ಸಿಕ್ಕಿತು, ಗಾಜಿಗೆ ಅಂಟಿದ್ದ ಜಿಪಿಎಸ್ ಡಬ್ಬಿ ಡ್ಯಾಶ್‌ಬೋರ್ಡಿನ ಖಾನೆ ಸೇರಿತು.

ಆ ಡಬ್ಬಿಯ ಗುಣವನ್ನು ಮೊದಲು ಹೇಳಬೇಕು. ಸುಮಾರು 20,200 ಕಿಲೋಮೀಟರ್ ಮೇಲಿರುವ ಉಪಗ್ರಹಗಳು ತಮ್ಮ ಪರಮಾಣು ಗಡಿಯಾರದ ಸಮಯವನ್ನು ಬಿತ್ತರಿಸುತ್ತಲೇ ಇರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಮಯವನ್ನು ಹೋಲಿಸಿ ಯಂತ್ರ ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಇದಕ್ಕೆ ಟವರ್ ಬೇಡ, ಡೇಟಾ ಬೇಡ. ಮ್ಯಾಪೂ ಒಳಗೇ ಇರುತ್ತದೆ. ಹಳೆಯ ಮಾದರಿಗಳಂತೂ ಕೇಳಿಸಿಕೊಳ್ಳುತ್ತವೆಯೇ ಹೊರತು ನೀವು ಎಲ್ಲಿಗೆ ಹೋದಿರಿ, ಯಾರ ಮನೆ ಮುಂದೆ ಎಷ್ಟು ಹೊತ್ತು ನಿಂತಿರಿ ಎಂದು ಯಾರಿಗೂ ವರದಿ ಕಳಿಸುವುದಿಲ್ಲ. ಇದು ಸಣ್ಣ ಸಂಗತಿಯಲ್ಲ. ಫೋನಿನ ಮ್ಯಾಪಿನಲ್ಲಿ ಮೇಖ್ರಿ ಸರ್ಕಲ್ ಕೆಂಪಾಗಿ ಕಾಣುವುದೇ ಅಲ್ಲಿ ಸಿಕ್ಕಿಕೊಂಡಿರುವ ಸಾವಿರಾರು ಫೋನುಗಳು ತಮ್ಮ ವೇಗವನ್ನು ಕಂಪನಿಗೆ ತಿಳಿಸುತ್ತಿರುವುದರಿಂದ. ದುಡ್ಡು ಕೊಡದೆ ಸಿಗುವ ಮ್ಯಾಪಿಗೆ ನಾವು ಓಡಾಟದ ದಾಖಲೆಯನ್ನೇ ಬೆಲೆಯಾಗಿ ಕೊಡುತ್ತಿದ್ದೇವೆ. ಅದು ದುಬಾರಿಯೋ ಅಗ್ಗವೋ ಅವರವರೇ ಹೇಳಬೇಕು.

ಇನ್ನೊಂದು ಗುಣ ಊರು ಬಿಟ್ಟ ಮೇಲೆ ತಿಳಿಯುತ್ತದೆ. 2024ರ ಡಿಸೆಂಬರಿನಲ್ಲಿ ಗೋವಾಕ್ಕೆ ಹೊರಟಿದ್ದ ಕುಟುಂಬವೊಂದು ಫೋನಿನ ಮ್ಯಾಪ್ ನಂಬಿ ಬೆಳಗಾವಿ ಜಿಲ್ಲೆ ಖಾನಾಪುರದ ಬಳಿ ಭೀಮಗಡದ ಕಾಡು ಹೊಕ್ಕಿತು. ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ರಾತ್ರಿಯೆಲ್ಲ ಕಾರಿನಲ್ಲೇ ಕಳೆದು, ಸಿಗ್ನಲ್ ಹುಡುಕಿಕೊಂಡು ನಡೆದು 112ಕ್ಕೆ ಕರೆ ಮಾಡಿದ ಮೇಲೆ ಪೊಲೀಸರು ಬಂದು ಹೊರತಂದರು. ಮಲೆನಾಡಿನ ಘಟ್ಟಗಳಲ್ಲಿ ನೆಟ್‌ವರ್ಕ್ ಕಳೆದುಕೊಂಡವರಿಗೆ ಈ ದಿಗಿಲು ಹೊಸದಲ್ಲ. ಒಳಗೇ ಮ್ಯಾಪ್ ಇಟ್ಟುಕೊಂಡ ಯಂತ್ರ ಇಂಥ ಕಡೆ ಸುಮ್ಮನಾಗುವುದಿಲ್ಲ. ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು. ಫೋನಿನೊಳಗಿನ ಜಿಪಿಎಸ್ ಕೂಡ ಟವರ್ ಇಲ್ಲದೆ ಕೆಲಸ ಮಾಡುತ್ತದೆ. ಹೊರಡುವ ಮುನ್ನ ಆ ಪ್ರದೇಶದ ಮ್ಯಾಪನ್ನು ಡೌನ್‌ಲೋಡ್ ಮಾಡಿಟ್ಟುಕೊಂಡರೆ ಆಯಿತು. ಇನ್ನು ತಪ್ಪು ದಾರಿಯೇ ಮ್ಯಾಪಿನಲ್ಲಿದ್ದರೆ ಯಾವ ಯಂತ್ರವೂ ಉಳಿಸುವುದಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ, ಮುರಿದ ಸೇತುವೆಯನ್ನು ಮ್ಯಾಪ್ ಪೂರ್ತಿ ರಸ್ತೆಯೆಂದು ತೋರಿಸಿ, ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು.

ಡಬ್ಬಿಯ ದೋಷ ಇರುವುದು ಅಲ್ಲೇ. ಅದರ ಮ್ಯಾಪಿಗೆ ವಯಸ್ಸಾಗುತ್ತದೆ, ಅದೂ ನಮ್ಮ ಕಡೆ ಬಹಳ ಬೇಗ. ಹೆಬ್ಬಾಳವನ್ನೇ ನೋಡಿ. 2003ರಲ್ಲಿ ಮೇಲ್ಸೇತುವೆ ಬಂತು, ಆಮೇಲೆ ವಿಮಾನ ನಿಲ್ದಾಣದ ಕಡೆಗೆ ಎತ್ತರಿಸಿದ ರಸ್ತೆ ಬಂತು, 2025ರ ಆಗಸ್ಟಿನಲ್ಲಿ ನಾಗವಾರದ ಕಡೆಯಿಂದ ಮೇಖ್ರಿ ಸರ್ಕಲ್ಲಿಗೆ ಬರುವ ಹೊಸ ಲೂಪ್ ತೆರೆಯಿತು. ಇವುಗಳ ನಡುವೆ ಒನ್‌ವೇ ಆದ ರಸ್ತೆಗಳಿಗೆ, ಮುಚ್ಚಿದ ಯೂ-ಟರ್ನ್‌ಗಳಿಗೆ ಲೆಕ್ಕವಿಲ್ಲ. ಅಪ್‌ಡೇಟ್ ಮಾಡದ ಯಂತ್ರಕ್ಕೆ ಹೆಬ್ಬಾಳದ ಸರ್ವಿಸ್ ರಸ್ತೆಗಳು ಅರ್ಥವಾಗುವುದೇ ಇಲ್ಲ. ಅಪ್‌ಡೇಟ್ ಮಾಡಲು ಕಂಪ್ಯೂಟರಿಗೆ ಜೋಡಿಸಬೇಕು, ಕೆಲವಕ್ಕೆ ಪ್ರತ್ಯೇಕ ದುಡ್ಡು ತೆರಬೇಕು. ಆ ಮಾದರಿಯನ್ನು ಕಂಪನಿ ಕೈಬಿಟ್ಟಿದ್ದರೆ ಅಲ್ಲಿಗೆ ಮುಗಿಯಿತು. 2019ರ ಏಪ್ರಿಲಿನಲ್ಲಿ ಜಿಪಿಎಸ್‌ನ ವಾರದ ಎಣಿಕೆ 1,023 ದಾಟಿ ಮತ್ತೆ ಸೊನ್ನೆಗೆ ಬಂದಾಗ, ಅದಕ್ಕೆ ಸಿದ್ಧವಿರದ ಹಳೆಯ ಯಂತ್ರಗಳು ದಿನಾಂಕವನ್ನೇ ತಪ್ಪಾಗಿ ತೋರಿಸತೊಡಗಿದವು.

ಊರೊಳಗಿನ ಓಡಾಟಕ್ಕೆ ಫೋನು ಮುಂದಿದೆ ಎಂಬುದನ್ನು ಇಲ್ಲಿ ಒಪ್ಪಲೇಬೇಕು. ಬೆಳಿಗ್ಗೆ ಒಂಬತ್ತಕ್ಕೆ ಆರ್.ಟಿ. ನಗರದಿಂದ ಹೊರಟವರಿಗೆ ದಾರಿ ಗೊತ್ತಿರುತ್ತದೆ. ಜಯಮಹಲ್ ರಸ್ತೆ ಮೇಲೋ ಬಳ್ಳಾರಿ ರಸ್ತೆ ಮೇಲೋ ಎಂಬುದು ಮಾತ್ರ ಆ ಹೊತ್ತಿನ ದಟ್ಟಣೆ ನೋಡಿ ತೀರ್ಮಾನವಾಗಬೇಕು. ಅದನ್ನು ಫೋನಿನಷ್ಟು ಚೆನ್ನಾಗಿ ಡಬ್ಬಿ ಹೇಳಲಾರದು. ಮೇಲ್ಸೇತುವೆಯ ತೊಡಕನ್ನೂ ಫೋನುಗಳು ಬಿಡಿಸಲು ನೋಡುತ್ತಿವೆ. ಜಿಪಿಎಸ್ ಎತ್ತರವನ್ನು ಅಷ್ಟು ನಿಖರವಾಗಿ ಅಳೆಯುವುದಿಲ್ಲ, ಆದ್ದರಿಂದ ಕಾರು ಫ್ಲೈಓವರಿನ ಮೇಲಿದೆಯೋ ಕೆಳಗಿದೆಯೋ ಎಂದು ಯಂತ್ರಕ್ಕೆ ಗೊಂದಲ. ಮ್ಯಾಪ್‌ಮೈಇಂಡಿಯಾದವರ ಮ್ಯಾಪಲ್ಸ್ ಆ್ಯಪ್ ಜಂಕ್ಷನ್ನಿನ ಚಿತ್ರವನ್ನೇ ಮುಂದಿಡುತ್ತದೆ. ಗೂಗಲ್ 2024ರ ಜುಲೈನಲ್ಲಿ ಫ್ಲೈಓವರ್ ಹತ್ತಬೇಕೋ ಬೇಡವೋ ಎಂದು ಮೊದಲೇ ತಿಳಿಸುವ ಸೌಲಭ್ಯವನ್ನು ದೇಶದ 40 ನಗರಗಳಿಗೆ ತಂದಿತು.

ಫೋನಿನ ಈ ಜಾಣತನದ ಖರ್ಚು ಬೀಳುವುದು ನಮ್ಮ ಗಲ್ಲಿಗಳ ಮೇಲೆ. ಬಳ್ಳಾರಿ ರಸ್ತೆ ಕೆಂಪಾದೊಡನೆ ಮ್ಯಾಪ್ ಒಳದಾರಿ ಹುಡುಕುತ್ತದೆ. ಮಕ್ಕಳು ಆಡುವ, ತಳ್ಳುಗಾಡಿಯವರು ತರಕಾರಿ ಮಾರುವ, ಎರಡು ಬದಿಗೂ ಕಾರು ನಿಲ್ಲಿಸಿದ ಕ್ರಾಸುಗಳಿಗೆ ಅಪರಿಚಿತ ಕಾರುಗಳು ಸಾಲಾಗಿ ನುಗ್ಗುತ್ತವೆ. ಎದುರಿನಿಂದ ಒಂದು ಟೆಂಪೋ ಬಂದರೆ ಸಾಕು, ಅರ್ಧ ಗಂಟೆ ಎಲ್ಲರೂ ನಿಂತಲ್ಲೇ. ಒಬ್ಬೊಬ್ಬ ಚಾಲಕನಿಗೆ ಐದು ನಿಮಿಷ ಉಳಿಯಬಹುದು. ಬೀದಿಯಲ್ಲಿ ಕೋಲೂರಿ ನಡೆಯುವ ಅಜ್ಜಿಗೆ ಅದರಿಂದ ಏನೂ ದಕ್ಕುವುದಿಲ್ಲ, ದಾಟುವ ಧೈರ್ಯವೂ ಹೋಗುತ್ತದೆ. ಕಾರುಗಳನ್ನು ಇಕ್ಕಟ್ಟಾದ ರಸ್ತೆಗಳಿಂದ ದೂರವಿಡುವ ವ್ಯವಸ್ಥೆಯನ್ನು ಗೂಗಲ್ ಅದೇ 2024ರಲ್ಲಿ ಬೆಂಗಳೂರೂ ಸೇರಿ ಎಂಟು ನಗರಗಳಿಗೆ ಪ್ರಕಟಿಸಿದೆ. ಒಳ್ಳೆಯ ಹೆಜ್ಜೆ. ಆದರೆ ರಸ್ತೆ ಅಗಲವಿದ್ದ ಮಾತ್ರಕ್ಕೆ ಅದು ಹಾದುಹೋಗುವವರ ದಾರಿಯಾಗುವುದಿಲ್ಲ. ಶಾಲೆ ಬಿಡುವ ಹೊತ್ತನ್ನೂ ಮ್ಯಾಪ್ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಾನೂನು ಡಬ್ಬಿ, ಫೋನು ಎರಡಕ್ಕೂ ಜಾಗ ಕೊಟ್ಟಿದೆ. 2020ರ ಅಕ್ಟೋಬರಿನಿಂದ ಜಾರಿಯಾದ ತಿದ್ದುಪಡಿಯಂತೆ, ಗಮನ ಕೆಡದ ರೀತಿಯಲ್ಲಿ ದಾರಿ ನೋಡಲು ಮಾತ್ರ ಚಾಲಕರು ಫೋನ್ ಬಳಸಬಹುದು. ಆದರೆ ತಿರುವು ಇನ್ನೇನು ಬಂತು ಎನ್ನುವಾಗಲೇ ಕರೆ ಬಂದು ತೆರೆ ಮುಚ್ಚಿಕೊಳ್ಳುವುದು, ಏಪ್ರಿಲ್ ಬಿಸಿಲಿಗೆ ಫೋನು ಕಾದು ಆರಿಹೋಗುವುದು ಎಲ್ಲರಿಗೂ ಗೊತ್ತು. ದಾರಿ ತೋರಿಸುವುದೊಂದೇ ಕೆಲಸವಾದ ಯಂತ್ರಕ್ಕೆ ಕರೆಗಳ ಕಾಟವಿಲ್ಲ.

ಎರಡೂ ಒಟ್ಟಿಗೆ ಸೋಲುವ ಜಾಗವೂ ಒಂದಿದೆ, ಸುರಂಗ. ಹೆಬ್ಬಾಳದಿಂದ ಸಿಲ್ಕ್‌ಬೋರ್ಡ್‌ವರೆಗೆ ಸುಮಾರು 16.7 ಕಿಲೋಮೀಟರ್ ಸುರಂಗ ರಸ್ತೆಯ ಯೋಜನೆಯನ್ನು ಸರ್ಕಾರ ಮುಂದಿಟ್ಟಿದೆ. ಅದು ಬೇಕೇ ಬೇಡವೇ ಎಂಬ ಜಗಳ ಬೇರೆ. ನೆಲದಡಿಗೆ ಮಾತ್ರ ಅಮೆರಿಕದ ಜಿಪಿಎಸ್ ಸಂಕೇತವೂ ಇಳಿಯುವುದಿಲ್ಲ, ನಮ್ಮ ಇಸ್ರೊದ ನಾವಿಕ್ ಸಂಕೇತವೂ ಇಳಿಯುವುದಿಲ್ಲ. ಒಳಗೆ ಕವಲು ದಾರಿಗಳಿದ್ದರೆ ಫೋನೂ ಡಬ್ಬಿಯೂ ಒಟ್ಟಿಗೆ ತಬ್ಬಿಬ್ಬಾಗುತ್ತವೆ. ಸುರಂಗದ ಗೋಡೆಗೆ ಬ್ಲೂಟೂತ್ ಬೀಕನ್ ಕೂರಿಸಿದರೆ ಫೋನಿನ ಮ್ಯಾಪ್ ಅದನ್ನು ಹಿಡಿದು ಮುಂದುವರಿಯಬಲ್ಲದು. ಹಳೆಯ ಡಬ್ಬಿಗೆ ಆ ಅನುಕೂಲವಿಲ್ಲ.

ಇಷ್ಟನ್ನೂ ತೂಗಿ ನೋಡಿದರೆ, ನಗರದೊಳಗೆ ಓಡಾಡುವವರು ಇವತ್ತು ಹೊಸದಾಗಿ ಡಬ್ಬಿ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ತಿಂಗಳಿಗೊಮ್ಮೆ ಚಾರ್ಮಾಡಿ ಘಾಟಿ ಇಳಿದು ಊರಿಗೆ ಹೋಗುವವರು, ತಮ್ಮ ಓಡಾಟ ತಮಗಷ್ಟೇ ತಿಳಿದಿರಲಿ ಎನ್ನುವವರು, ಇರುವ ಡಬ್ಬಿಗೆ ಅಪ್‌ಡೇಟ್ ಸಿಗುವುದಾದರೆ ಅದನ್ನು ಎಸೆಯಬಾರದು. ಫೋನನ್ನೇ ನೆಚ್ಚಿದವರು ಹಾಸನ ದಾಟುವ ಮೊದಲೇ ಘಟ್ಟದ ಮ್ಯಾಪ್ ಇಳಿಸಿಕೊಂಡಿರಲಿ, ಕಾಡಿನ ನಡುವೆ ಟಾರು ಮುಗಿದು ಮಣ್ಣಿನ ದಾರಿ ಶುರುವಾದರೆ ಅಲ್ಲೇ ನಿಲ್ಲಿಸಿ ಯಾರನ್ನಾದರೂ ಕೇಳಲಿ.