ಬೆಳಗಿನ ರೈಲಿನಿಂದ ತರಗತಿಯ ಕೋಣೆಗೆ: ಉದ್ಯೋಗ ಬದಲಿಸುವ ಗಡಿನಾಡ ಯುವಜನರ ಮುಂದಿರುವ ಲೆಕ್ಕ

ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರ ನಿಲ್ದಾಣಗಳಲ್ಲಿ ಬೆಳಗಿನ ರೈಲು ಹತ್ತಿ ಮಂಗಳೂರಿಗೆ ದುಡಿಯಲು ಹೋಗುವವರಲ್ಲಿ ನಮ್ಮ ಕನ್ನಡ ಶಾಲೆಗಳಲ್ಲಿ ಕಲಿತವರು ಅನೇಕರಿದ್ದಾರೆ. ಆಸ್ಪತ್ರೆಯ ಬಿಲ್ಲು ಕೌಂಟರು, ಬಟ್ಟೆ ಮಳಿಗೆಯ ಲೆಕ್ಕಪತ್ರ, ವಿಮಾ ಕಂಪೆನಿಯ ದತ್ತಾಂಶ ನಮೂದು ಮುಂತಾದವು ಇವರ ಕೆಲಸ. ಬಿ.ಎಡ್. ಮುಗಿಸಿ ಪ್ರಮಾಣಪತ್ರವನ್ನು ಕಪಾಟಿನಲ್ಲಿಟ್ಟವರೂ ಇವರ ನಡುವೆ ಇದ್ದಾರೆ. ಅತ್ತ ಇವರದೇ ಊರಿನ ಶಾಲೆಯ ಕನ್ನಡ ಮಾಧ್ಯಮ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕಗೊಂಡರೆಂದು ಮಕ್ಕಳೂ ಹೆತ್ತವರೂ ಪ್ರತಿಭಟನೆಗಿಳಿದ ಸುದ್ದಿಯನ್ನು ಕೆಲವು ವರ್ಷಗಳಿಂದ ಮತ್ತೆ ಮತ್ತೆ ಓದುತ್ತಿದ್ದೇವೆ. ಒಂದನ್ನು ನಿರುದ್ಯೋಗದ ಸಮಸ್ಯೆಯೆಂದೂ ಇನ್ನೊಂದನ್ನು ಭಾಷೆಯ ಸಮಸ್ಯೆಯೆಂದೂ ಬೇರ್ಪಡಿಸಿ ನೋಡುವುದು ನಮಗೆ ರೂಢಿಯಾಗಿದೆ. ಅವೆರಡನ್ನೂ ಒಟ್ಟಿಗೆ ಇಟ್ಟು ನೋಡಬೇಕಾದ ಕಾಲ ಈಗ ಬಂದಿದೆ.

ನನಗೆ ಪರಿಚಯದ ತರುಣಿಯೊಬ್ಬರು ಎಂಟು ವರ್ಷ ಹೀಗೆ ರೈಲಿನಲ್ಲಿ ಓಡಾಡಿದವರು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು ಗಣಿತದಲ್ಲಿ ಪದವಿ, ಅನಂತರ ಬಿ.ಎಡ್. ಪಡೆದರು. ಮದುವೆಯ ಖರ್ಚು, ಮನೆಯ ಸಾಲ ಎಂದು ಸಿಕ್ಕಿದ ಕೆಲಸಕ್ಕೆ ಸೇರಿಕೊಂಡರು. ಸಂಬಳಕ್ಕೇನೂ ತೊಂದರೆಯಿರಲಿಲ್ಲ. ಆದರೆ ದಿನಕ್ಕೆ ಇನ್ನೂರು ರಸೀದಿ ಬರೆದು ಮನೆಗೆ ಮರಳುವಾಗ ಆ ದಿನ ಯಾರ ಮುಖವನ್ನಾದರೂ ನೋಡಿದೆನೇ ಎಂಬುದೇ ನೆನಪಾಗುತ್ತಿರಲಿಲ್ಲ ಎಂದು ಅವರು ಒಮ್ಮೆ ಹೇಳಿದ್ದರು. ಮೂವತ್ತೆರಡನೆಯ ವಯಸ್ಸಿನಲ್ಲಿ ಅದನ್ನು ಬಿಟ್ಟು ಸರಕಾರಿ ಪ್ರೌಢಶಾಲೆಯೊಂದರಲ್ಲಿ ದಿನವೇತನದ ಗಣಿತ ಅಧ್ಯಾಪಿಕೆಯಾದರು. ಅವರ ತಾಯಿ ಒಂದು ತಿಂಗಳು ಮಗಳೊಡನೆ ಸರಿಯಾಗಿ ಮಾತನಾಡಲಿಲ್ಲವಂತೆ. ತಾಯಿಯ ಕೋಪವನ್ನು ಅವಿವೇಕವೆನ್ನಲು ನಾನು ಸಿದ್ಧನಿಲ್ಲ. ದಿನವೇತನವೆಂದರೆ ಪಾಠ ನಡೆದ ದಿನಗಳಿಗಷ್ಟೇ ಹಣ. ಎಪ್ರಿಲ್, ಮೇ ತಿಂಗಳಲ್ಲಿ ಕೈ ಖಾಲಿ. ಖಾಯಂ ಅಧ್ಯಾಪಕರು ಬಂದ ಮರುದಿನವೇ ಹುದ್ದೆ ಮುಗಿಯುತ್ತದೆ.

ಇಷ್ಟವಾದ ಕೆಲಸ ಹಿಡಿಯಿರಿ, ಉಳಿದದ್ದು ತಾನಾಗಿ ಬರುತ್ತದೆ ಎಂಬ ಉಪದೇಶ ನಗರದ ವೇದಿಕೆಗಳಲ್ಲಿ ಧಾರಾಳವಾಗಿ ದೊರೆಯುತ್ತದೆ. ಗಡಿನಾಡಿನಲ್ಲಿ ಹಾಗೆ ತಾನಾಗಿ ಬರುವುದು ಏನೂ ಇಲ್ಲ. ಇಲ್ಲಿ ಅಧ್ಯಾಪನಕ್ಕೆ ಮರಳುವವರು ದಾಟಬೇಕಾದ ಮೆಟ್ಟಿಲುಗಳು ನಿಶ್ಚಿತವಾಗಿವೆ. ಒಂದನ್ನು ತಪ್ಪಾಗಿ ತಿಳಿದರೂ ಎರಡು ಮೂರು ವರ್ಷ ವ್ಯರ್ಥವಾಗುತ್ತದೆ.

ಮೊದಲನೆಯದು ತರಬೇತಿ. ಬಿ.ಎಡ್. ಇದ್ದರೆ ಯಾವ ತರಗತಿಗಾದರೂ ಸಾಕು ಎಂಬ ಭಾವನೆ ಇನ್ನೂ ಅಳಿದಿಲ್ಲ. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಇದಕ್ಕೆ ತೆರೆ ಎಳೆಯಿತು: ಪ್ರಾಥಮಿಕ ಹಂತದ ಅಧ್ಯಾಪಕ ಹುದ್ದೆಗೆ ಬಿ.ಎಡ್. ಅರ್ಹತೆಯಲ್ಲ, ಆ ಹಂತದ ಮಕ್ಕಳಿಗೆಂದೇ ರೂಪುಗೊಂಡ ಡಿ.ಎಲ್.ಎಡ್. ಬೇಕು. ಆದುದರಿಂದ ನಮ್ಮ ಎಲ್.ಪಿ. ಶಾಲೆಗಳನ್ನು ಬಯಸುವವರು ಡಿ.ಎಲ್.ಎಡ್. ಮಾಡಲೇಬೇಕು. ಅದೂ ಎರಡು ವರ್ಷ, ಬಿ.ಎಡ್. ಕೂಡ 2015ರಿಂದ ಎರಡು ವರ್ಷ. ಅಂದರೆ ತರಬೇತಿ ಇನ್ನೂ ಆಗದವರು ಎರಡು ವರ್ಷದ ಆದಾಯವನ್ನು ಬಿಟ್ಟೇ ಬರಬೇಕು. ಕಪಾಟಿನಲ್ಲಿ ಪ್ರಮಾಣಪತ್ರವಿರುವವರ ದಾರಿ ಇದರಿಂದಲೇ ಅರ್ಧದಷ್ಟು ಕಿರಿದಾಗುತ್ತದೆ. ನನ್ನ ಮಾತು ಮುಖ್ಯವಾಗಿ ಅವರಿಗೆ.

ಎರಡನೆಯದು ಕೆ-ಟೆಟ್. 150 ಅಂಕಗಳ ಈ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗದವರು 90 ಅಂಕ ಗಳಿಸಬೇಕು. ಮೀಸಲಾತಿಗೆ ಅರ್ಹರಾದವರಿಗೆ ರಿಯಾಯಿತಿ ಇದೆ. ಕನ್ನಡವನ್ನು ಭಾಷೆಯಾಗಿ ಆರಿಸಿಕೊಳ್ಳುವ ಅವಕಾಶವೂ ಇದೆ. 2025ರ ಸೆಪ್ಟೆಂಬರ್ 1ರಂದು ಬಂದ ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ ಈ ಪರೀಕ್ಷೆಯ ತೂಕ ಇನ್ನಷ್ಟು ಹೆಚ್ಚಿದೆ. ಈಗಾಗಲೇ ಸೇವೆಯಲ್ಲಿದ್ದು ನಿವೃತ್ತಿಗೆ 5 ವರ್ಷಕ್ಕಿಂತ ಹೆಚ್ಚು ಕಾಲವಿರುವ ಅಧ್ಯಾಪಕರು ಕೂಡ 2 ವರ್ಷದೊಳಗೆ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕೆಂದು ಅದು ವಿಧಿಸಿದೆ. ಧಾರ್ಮಿಕ ಮತ್ತು ಭಾಷಾ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಇದು ಅನ್ವಯಿಸುವುದೇ ಎಂಬ ಪ್ರಶ್ನೆಯನ್ನು ವಿಸ್ತೃತ ಪೀಠದ ಪರಿಶೀಲನೆಗೆ ಬಿಟ್ಟಿದೆ. ವಿನಾಯಿತಿ ಸಿಕ್ಕೀತೆಂದು ಕಾದು ಕುಳಿತುಕೊಳ್ಳುವುದು ಹೊಸಬರಿಗೆ ತಕ್ಕದ್ದಲ್ಲ. ಕೆಲಸದಲ್ಲಿರುವಾಗಲೇ, ರೈಲಿನ ಒಂದು ಗಂಟೆಯಲ್ಲೇ ಓದಿ ಬರೆಯಬಹುದಾದ ಪರೀಕ್ಷೆ ಇದು. ರಾಜೀನಾಮೆ ಮೊದಲು, ಪರೀಕ್ಷೆ ಆಮೇಲೆ ಎಂಬ ಕ್ರಮ ಸರಿಯಲ್ಲ.

ಮೂರನೆಯದು ವಯಸ್ಸು. ಕೇರಳ ಲೋಕಸೇವಾ ಆಯೋಗದ ಅಧ್ಯಾಪಕ ಹುದ್ದೆಗಳಿಗೆ ಸಾಮಾನ್ಯ ವರ್ಗದವರ ಗರಿಷ್ಠ ಮಿತಿ 40. ಕನ್ನಡ ಮಾಧ್ಯಮದ ಹುದ್ದೆಗಳಿಗೆ ಪ್ರತ್ಯೇಕ ಅಧಿಸೂಚನೆ ಹೊರಡುತ್ತದೆ, ಆದರೆ ವರ್ಷವರ್ಷವೂ ಅಲ್ಲ. ಒಂದು ರ್‍ಯಾಂಕ್ ಪಟ್ಟಿ 3 ವರ್ಷದವರೆಗೂ ಜೀವಂತವಾಗಿರುತ್ತದೆ. ಆದುದರಿಂದ ಮೂವತ್ತೆಂಟರಲ್ಲಿ ಎಚ್ಚತ್ತವರಿಗೆ ಒಂದೇ ಅವಕಾಶ ಸಿಕ್ಕೀತು, ಅಥವಾ ಅದೂ ಸಿಗದು. ಕರ್ನಾಟಕದ ವಿಶ್ವವಿದ್ಯಾನಿಲಯಗಳಲ್ಲಿ ಪದವಿ ಪಡೆದ ನಮ್ಮವರಲ್ಲಿ ಸಮಾನತಾ ಪ್ರಮಾಣಪತ್ರ ಕೇಳುವುದುಂಟು. ಅದನ್ನು ಅರ್ಜಿ ಸಲ್ಲಿಸುವ ಮೊದಲೇ ವಿಚಾರಿಸಿಡಬೇಕು. ಪರಿಶೀಲನೆಯ ಹೊತ್ತಿಗೆ ಓಡಾಡಿ ಪ್ರಯೋಜನವಿಲ್ಲ.

ಇಷ್ಟೆಲ್ಲ ದಾಟಿ ಬಂದವರಿಗೆ ಹುದ್ದೆ ಶಾಶ್ವತವೇ? ಮನೆಮಂದಿ ಈ ಪ್ರಶ್ನೆಗೂ ಕಿವಿಗೊಡಬೇಕು. ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆಯೆಣಿಕೆ ನಡೆಯುತ್ತದೆ. ಆ ಸಂಖ್ಯೆಯ ಮೇಲೆ ವಿಭಾಗಗಳು, ವಿಭಾಗಗಳ ಮೇಲೆ ಹುದ್ದೆಗಳು ನಿಲ್ಲುತ್ತವೆ. ಕನ್ನಡ ವಿಭಾಗದಲ್ಲಿ ನಾಲ್ಕು ಮಕ್ಕಳು ಕಡಿಮೆಯಾದರೆ ಅಲುಗಾಡುವುದು ಒಂದು ಹುದ್ದೆ. ಹುದ್ದೆ ಹೋದಲ್ಲಿ ಪಾಠಕ್ಕೆ ತೊಡಕು, ಪಾಠ ತೊಡಕಾದಲ್ಲಿ ಮರುವರ್ಷ ಇನ್ನಷ್ಟು ಮಕ್ಕಳು ಆಂಗ್ಲ ಮಾಧ್ಯಮಕ್ಕೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂಬ ಸಂವಿಧಾನದ 350ಎ ವಿಧಿ 1956ರಿಂದಲೂ ಇದೆ. ಕಾಸರಗೋಡು ಕೇರಳಕ್ಕೆ ಸೇರಿದ್ದೂ ಅದೇ ವರ್ಷ. ಆದರೆ ವಿಧಿಯ ಬಲದಿಂದ ಮಾತ್ರ ತರಗತಿ ನಡೆಯದು. ಭಿನ್ನರಾಶಿಯನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಒಬ್ಬರು ಕರಿಹಲಗೆಯ ಮುಂದೆ ನಿಲ್ಲಬೇಕು. ಅಂಥವರು ರ್‍ಯಾಂಕ್ ಪಟ್ಟಿಯಲ್ಲಿ ಸಾಕಷ್ಟು ಇಲ್ಲದಿರುವಾಗ, ಕನ್ನಡ ಬಾರದವರು ಬಂದರೆಂದು ನಾವು ಎತ್ತುವ ದನಿಗೆ ಅರ್ಧ ಬಲವಷ್ಟೇ ಇರುತ್ತದೆ. ನೇಮಕಾತಿಯ ತಪ್ಪನ್ನು ಪ್ರಶ್ನಿಸುವುದು ನಮ್ಮ ಹಕ್ಕು, ಅದನ್ನು ಬಿಡಬೇಕೆಂದು ಹೇಳುತ್ತಿಲ್ಲ. ಅರ್ಜಿದಾರರ ಸಾಲಿನಲ್ಲಿ ನಮ್ಮ ಮಕ್ಕಳು ಏಕೆ ಕಡಿಮೆ ಎಂಬುದನ್ನೂ ಕೇಳಿಕೊಳ್ಳೋಣ.

ಹೆತ್ತವರ ಹೆದರಿಕೆಗೆ ಇಲ್ಲಿ ದೊಡ್ಡ ಪಾತ್ರವಿದೆ. ನಿಶ್ಚಿತ ಸಂಬಳದ ಕೆಲಸ ಬಿಟ್ಟು ಬರುವ ಮಗ ಅಥವಾ ಮಗಳು ಸೋತುಬಂದವರೆಂಬ ಭಾವನೆ ಹಳ್ಳಿಯಲ್ಲಿ ಬಲವಾಗಿದೆ. ಹತ್ತು ತಿಂಗಳ ಖರ್ಚಿನಷ್ಟು ಉಳಿತಾಯ, ಕೈಯಲ್ಲಿ ಕೆ-ಟೆಟ್ ಪ್ರಮಾಣಪತ್ರ, ಮುಂದಿನ ಅಧಿಸೂಚನೆಗೆ ವಯಸ್ಸಿನ ಅವಕಾಶ, ಇವಿಷ್ಟಿದ್ದು ಬಿಡುವವರನ್ನು ಹಾಗೆ ಕಾಣುವುದು ಸರಿಯಲ್ಲ. ಇವಿಲ್ಲದೆ ಬರಿಯ ಬೇಸರದಿಂದ ಬಿಡುವವರನ್ನು ತಡೆಯುವುದೂ ತಪ್ಪಲ್ಲ. ತರಗತಿಯಲ್ಲೂ ಬೇಸರದ ದಿನಗಳಿವೆ. ಅಂಕಪಟ್ಟಿ, ಮಧ್ಯಾಹ್ನದೂಟದ ಲೆಕ್ಕ, ಮಲೆಯಾಳದಲ್ಲಿ ಮಾತ್ರ ಬರುವ ಸುತ್ತೋಲೆಯನ್ನು ಕನ್ನಡಕ್ಕೆ ತಿರುಗಿಸಿ ಹೆತ್ತವರಿಗೆ ತಿಳಿಸುವ ಕೆಲಸ.

ಆ ತರುಣಿ ಈಗ ರ್‍ಯಾಂಕ್ ಪಟ್ಟಿಯಲ್ಲಿದ್ದಾರೆ, ನೇಮಕದ ಸೂಚನೆ ಇನ್ನೂ ಬಂದಿಲ್ಲ. ಕಳೆದ ಜೂನಿನಲ್ಲಿ ಶಾಲೆ ತೆರೆಯುವ ಮುನ್ನ ಅವರು ಊರಿನ ಎಲ್.ಪಿ. ಶಾಲೆಯ ಅಧ್ಯಾಪಕರೊಡನೆ ಮನೆಮನೆಗೆ ಹೋಗಿ ಒಂದನೆಯ ತರಗತಿಗೆ ಮಕ್ಕಳನ್ನು ಕೇಳಿದರು. ಅದು ಅವರು ಕಲಿಸುವ ಶಾಲೆಯಲ್ಲ. ಏಕೆ ಹೋದಿರಿ ಎಂದು ಕೇಳಿದೆ. "ಇವತ್ತು ಒಂದಕ್ಕೆ ಸೇರಿದ ಮಗು ಎಂಟಕ್ಕೆ ಬರುವಾಗ ನಾನು ಅಲ್ಲಿರಬೇಕಲ್ಲ ಮಾಸ್ಟ್ರೇ" ಎಂದರು. ಆ ಬಾರಿ ಒಂದನೆಯ ತರಗತಿಗೆ ಹನ್ನೊಂದು ಮಕ್ಕಳು ಸೇರಿದರು.