ಧ್ಯಾನಾಗ್ನಿಯಲ್ಲಿ ಸುಡಬೇಕಾದುದು

ಕುಂಡಲಿನೀ ಯೋಗವು ತನುಮನಗಳನ್ನು ಶುದ್ಧಗೊಳಿಸುವುದೆಂಬ ಮಾತು ಇಂದು ಪ್ರಚಲಿತವಾಗಿದೆ. ಜೈನ ಪರಂಪರೆಯಲ್ಲಿಯೂ ಇದಕ್ಕೆ ಸಮೀಪದ ಸಾಧನೆಯೊಂದುಂಟು. ಅದು ಶುಭಚಂದ್ರಾಚಾರ್ಯರು ‘ಜ್ಞಾನಾರ್ಣವ’ದಲ್ಲಿ ವಿವರಿಸಿರುವ ಪಿಂಡಸ್ಥ ಧ್ಯಾನ. ಸಾಧಕನು ತನ್ನ ನಾಭಿಯಲ್ಲಿ 16 ದಳಗಳ ಕಮಲವನ್ನು ಭಾವಿಸುತ್ತಾನೆ. ಅಲ್ಲಿಂದ ಮೇಲೆದ್ದ ಜ್ವಾಲೆಯು ಹೃದಯದಲ್ಲಿ ಅಧೋಮುಖವಾಗಿರುವ, 8 ಕರ್ಮಗಳೇ ದಳಗಳಾದ ಕಮಲವನ್ನು ದಹಿಸುತ್ತದೆ. ಗಾಳಿಯು ಆ ಬೂದಿಯನ್ನು ಹಾರಿಸುತ್ತದೆ. ಮಳೆಯು ಉಳಿದುದನ್ನು ತೊಳೆಯುತ್ತದೆ.

ಇಲ್ಲಿ ಗುರಿ ಶಕ್ತಿಯ ಗಳಿಕೆಯಲ್ಲ, ಕರ್ಮಗಳ ನಿರ್ಜರೆ. ಆದುದರಿಂದ ಧ್ಯಾನದಲ್ಲಿ ಕಂಡ ಬೆಳಕಾಗಲಿ, ಮೈಯ ಪುಳಕವಾಗಲಿ ಶುದ್ಧಿಯ ಅಳತೆಗೋಲಲ್ಲ. ಕ್ರೋಧ, ಮಾನ, ಮಾಯೆ, ಲೋಭಗಳು ಎಷ್ಟು ಕ್ಷೀಣಿಸಿದವೆಂಬುದೇ ಅಳತೆ. ಮುಂಜಾನೆ ಕಣ್ಮುಚ್ಚಿ ಕುಳಿತು, ಹಗಲು ತಕ್ಕಡಿಯಲ್ಲಿ ಮೋಸ ಮಾಡುವ ಶ್ರಾವಕನ ಎದೆಯ ಕಮಲ ಇನ್ನೂ ಸುಟ್ಟಿಲ್ಲ. ಅಣುವ್ರತಗಳ ಪಾಲನೆಯಿಲ್ಲದೆ ಆ ಅಗ್ನಿ ಹೊತ್ತಿಕೊಳ್ಳದು.